ಎರಡನೇ ಸಿಲಿಂಡರಿನ ಸದ್ದು

"ಮೇಸ್ತ್ರಿ ಇಲ್ವಾ?" ಎಂದು ನಾಗಾರ್ಜುನ ಕೇಳಿದ.

ಕೆಸರೆಯ ಆ ತಗಡಿನ ಶೆಡ್ಡಿನಲ್ಲಿ ಇದ್ದವಳು ಒಬ್ಬಳೇ ಹೆಂಗಸು. ನೀಲಿ ಅಂಗಿಯ ತೋಳು ಮಡಚಿಕೊಂಡು, ಸ್ಟೂಲಿನ ಮೇಲೆ ಕೂತು, ಟಿಫನ್ ಡಬ್ಬಿಯ ಮುಚ್ಚಳ ತೆಗೆಯುತ್ತಿದ್ದಳು. ಅವನನ್ನು ಒಂದು ಸಲ, ಅವನ ಹಿಂದೆ ರಸ್ತೆಯಲ್ಲಿ ನಿಂತುಹೋಗಿದ್ದ ಬೂದು ಬಣ್ಣದ ಹಳೆಯ ಕಾರನ್ನು ಎರಡು ಸಲ ನೋಡಿದಳು.

"ಊಟಕ್ಕೆ ಹೋಗವ್ರೆ. ಕೂತ್ಕೊಳಿ."

ಯಾವುದೋ ಕಾರಿನಿಂದ ಕಿತ್ತಿಟ್ಟಿದ್ದ ಹಿಂದಿನ ಸೀಟೇ ಅಲ್ಲಿ ಸೋಫಾ. ನಾಗಾರ್ಜುನ ಅದರ ಮೇಲೆ ಕೂತ. ಅವಳು ನಿಧಾನವಾಗಿ ಅನ್ನಕ್ಕೆ ಅವರೆಕಾಳು ಸಾರು ಕಲಸಿ ಊಟ ಮಾಡಿದಳು, ಡಬ್ಬಿ ತೊಳೆದಳು, ಕೈ ಒರೆಸಿಕೊಂಡಳು. ಆಮೇಲೆ ಅವನ ಮುಂದೆ ಬಂದು ನಿಂತಳು.

"ಬಂದ್ರು ಮೇಸ್ತ್ರಿ. ಏನ್ ತೊಂದ್ರೆ ಹೇಳಿ."

ನಾಚಿಕೊಳ್ಳುವುದಕ್ಕೂ ಒಂದಿಷ್ಟು ಶಕ್ತಿ ಬೇಕು. ಬೆಳಿಗ್ಗೆಯಿಂದ ಐದು ಕ್ಲಿನಿಕ್ಕುಗಳ ಬಾಗಿಲು ಕಾದಿದ್ದ ಮೆಡಿಕಲ್ ರೆಪ್‌ ನಾಗಾರ್ಜುನನಲ್ಲಿ ಅದೂ ಉಳಿದಿರಲಿಲ್ಲ. "ಸಾರಿ ಮೇಡಂ" ಎಂದ ಅಷ್ಟೇ.

"ಬುಡಿ. ದಿನಕ್ಕೆ ನಾಕು ಜನ ಹಿಂಗೇ ಕೇಳ್ತಾರೆ. ನಾನೇ ಮೇಸ್ತ್ರಿ ಅಂತ ಗೊತ್ತಾದ್ಮೇಲೆ ಮೂರು ಜನ ಎದ್ದೋಯ್ತಾರೆ. ನೀವೆಂಗೆ?"

"ನಾನು ಎದ್ದೋಗೋಣ ಅಂದ್ರೂ ಗಾಡಿ ಬರಲ್ಲ ಅಂತಿದೆಯಲ್ಲ."

ಅವಳ ತುಟಿಯ ಒಂದು ಕೊನೆ ಮಾತ್ರ ಮೇಲೆ ಹೋಯಿತು. ಇನ್ನೊಂದು ಕೊನೆಗೆ ದಣಿವಾಗಿತ್ತೋ ಏನೋ, ಅದು ಇದ್ದಲ್ಲೇ ಇತ್ತು. ನಾಗಾರ್ಜುನ ಅದನ್ನೇ ನೋಡುತ್ತ ಕೂತಿದ್ದು ಅವನಿಗೇ ತಡವಾಗಿ ಗೊತ್ತಾಯಿತು.

ಅವಳ ಹೆಸರು ಭವ್ಯಶ್ರೀ. ಆಟೋಮೊಬೈಲ್ ಡಿಪ್ಲೊಮಾ ಓದಿ, ಒಂಬತ್ತು ವರ್ಷ ಶೋರೂಮೊಂದರ ಸರ್ವಿಸ್ ಸೆಂಟರಿನಲ್ಲಿ ದುಡಿದು, ಎರಡು ವರ್ಷದ ಹಿಂದೆ ಸ್ವಂತ ಶೆಡ್ಡು ಹಾಕಿದ್ದಳು.

ಬಾನೆಟ್ ಎತ್ತಿದಳು. ಇಂಜಿನ್ನಿನ ಕಪ್ಪು ಮುಚ್ಚಳದ ಮೇಲೆ ಮೂರು ಬೆರಳಿನ ವಿಭೂತಿ ಪಟ್ಟೆ.

"ಇದೇನ್ರೀ, ಇಂಜಿನ್ನಿಗೂ ದೀಕ್ಷೆ ಕೊಡ್ಸಿದೀರಾ?"

"ನಮ್ಮಪ್ಪಾಜಿ ಹಚ್ಚೋದು. ನನಗೆ ಹಚ್ಚೋಣ ಅಂದ್ರೆ ನಾನು ಎದ್ದಿರಲ್ಲ, ಅದಕ್ಕೆ."

ಈ ಸಲ ಎರಡೂ ಕೊನೆ ಮೇಲೆ ಹೋದವು.

ಸ್ಟಾರ್ಟ್ ಮಾಡಿದರೆ ಕಾರು ಚಳಿ ಹಿಡಿದವನ ಹಾಗೆ ನಡುಗಿತು. ನಡುಗುವುದರ ಒಳಗೆ ಇನ್ನೊಂದು ಸದ್ದು: ಟಿಕ್, ಟಿಕ್, ಟಿಕ್. ಭವ್ಯಶ್ರೀ ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೆ ಒತ್ತಿ ಹಿಡಿಯನ್ನು ಕಿವಿಗೆ ಆನಿಸಿ ಕಣ್ಣು ಮುಚ್ಚಿದಳು. ಸ್ವಲ್ಪ ಹೊತ್ತಾದ ಮೇಲೆ, "ಬನ್ನಿ, ನೀವೂ ಕೇಳಿ" ಎಂದು ಅದೇ ಹಿಡಿಯನ್ನು ಅವನ ಕಿವಿಗೆ ಇಟ್ಟಳು. ಗ್ರೀಸಿನ ವಾಸನೆ, ಅದರ ಹಿಂದೆ ಸಾಬೂನಿನ ವಾಸನೆ. ಇಂಜಿನ್ನಿನ ಒಳಗೆ ಯಾರೋ ಬೆರಳ ಗಿಣ್ಣಿನಿಂದ ಬಾಗಿಲು ಬಡಿಯುತ್ತಿದ್ದ ಹಾಗೆ ಕೇಳಿಸಿತು.

"ಎರಡನೇ ಸಿಲಿಂಡರು. ಮಿಸ್ ಹೊಡೀತಾ ಐತೆ" ಎಂದಳು.

ಅವತ್ತು ಪ್ಲಗ್ಗುಗಳನ್ನು ಬದಲಾಯಿಸಿದಳು. ಎರಡನೇ ಪ್ಲಗ್ಗು ಕೂರುವ ಗುಂಡಿಯೊಳಗೆ ಬೆಳ್ಳನೆಯ ಪುಡಿ ಕೂತಿತ್ತು. ರೇಡಿಯೇಟರ್ ನೀರು ಒಳಗೆ ಸೋರುತ್ತಿರಬಹುದು ಎಂದು ಅದನ್ನೂ ಪರೀಕ್ಷೆ ಮಾಡಿದಳು. ಹನಿ ಕೂಡ ಸೋರುತ್ತಿರಲಿಲ್ಲ. ಅಷ್ಟು ಹೊತ್ತಿಗೆ ಸದ್ದು ತಾನೇ ನಿಂತುಹೋಗಿತ್ತು. ಕಾರು ಬೆಣ್ಣೆಯ ಹಾಗೆ ಓಡುತ್ತಾ ಕೆಸರೆಯಿಂದ ಶ್ರೀರಾಂಪುರದವರೆಗೆ ಅವನನ್ನು ತಂದು ಬಿಟ್ಟಿತು.

ವಾರಕ್ಕೆ ಸರಿಯಾಗಿ ಸದ್ದು ಮತ್ತೆ ಬಂತು.

*

ಶ್ರೀರಾಂಪುರ ಮೈಸೂರಿನ ತೆಂಕಣ ತುದಿ, ಕೆಸರೆ ಬಡಗಣ ತುದಿ. ನಡುವೆ ಗ್ಯಾರೇಜುಗಳಿಗೆ ಬರವಿಲ್ಲ. ಆದರೂ ನಾಗಾರ್ಜುನ ಊರೆಲ್ಲ ದಾಟಿ ಅದೇ ಶೆಡ್ಡಿಗೆ ಬಂದ. ಬಂದಾಗಲೆಲ್ಲ ಕಾರು ಒಳ್ಳೆಯ ಮಗುವಿನ ಹಾಗೆ ಸುಮ್ಮನಾಗಿಬಿಡುತ್ತಿತ್ತು.

"ಡಾಕ್ಟ್ರನ್ನ ಕಂಡ್ರೆ ಜ್ವರ ಬುಡ್ತದಲ್ಲ, ಹಂಗೆ ಇದು" ಎಂದು ಭವ್ಯಶ್ರೀ ಅವನಿಗೆ ಒಂದು ಪುಟ್ಟ ಡೈರಿ ಕೊಟ್ಟಳು. "ಯಾವತ್ತು ಸದ್ದು ಬಂತು, ಎಷ್ಟೊತ್ತಿಗೆ ಬಂತು, ಎಲ್ಲಾ ಬರೀರಿ. ಮರೀದೆ ಬರೀರಿ. ನನಗೆ ಗಾಡಿ ಹೇಳಲ್ಲ, ನೀವಾದ್ರೂ ಹೇಳ್ಬೇಕು."

ನಾಗಾರ್ಜುನನಿಗೆ ಮೂವತ್ತೈದು. ಹನ್ನೊಂದು ವರ್ಷದಿಂದ ಡಾಕ್ಟರುಗಳ ಬಾಗಿಲಲ್ಲಿ ಬ್ಯಾಗು ಹಿಡಿದು ನಿಂತವನು. ಏಳು ಮನೆಯ ಹೆಣ್ಣು ನೋಡಿ, ಏಳು ಮನೆಯ ಉಪ್ಪಿಟ್ಟು ತಿಂದು, "ಆಮೇಲೆ ತಿಳಿಸ್ತೀವಿ" ಎಂಬ ಮಾತನ್ನು ಏಳು ರಾಗದಲ್ಲಿ ಕೇಳಿದವನು. ಮನೆಯಲ್ಲಿ ಅವನು, ಮಠದ ಹಾಸ್ಟೆಲಿನ ಆಫೀಸಿನಿಂದ ರಿಟೈರಾದ ಅಪ್ಪ ವೃಷಭೇಂದ್ರಪ್ಪ, ಇಬ್ಬರೇ. ಇಬ್ಬರೂ ಒಳ್ಳೆಯವರು. ಒಳ್ಳೆಯ ಇಬ್ಬರು ಗಂಡಸರು ಒಂದು ಮನೆಯಲ್ಲಿದ್ದರೆ ಮಾತೇ ಇರುವುದಿಲ್ಲ.

ಶೆಡ್ಡಿನ ಆ ಹಳೆಯ ಸೀಟಿನ ಮೇಲೆ ಮಾತ್ರ ಅವನಿಗೆ ಬೆನ್ನು ಒರಗುತ್ತಿತ್ತು. ಅಲ್ಲಿ ಯಾರಿಗೂ ಏನನ್ನೂ ಮಾರಬೇಕಾಗಿರಲಿಲ್ಲ. ಭವ್ಯಶ್ರೀ ಕೆಲಸ ಮಾಡುತ್ತಲೇ ಮಾತಾಡುತ್ತಿದ್ದಳು. ಹಣೆಯ ಮೇಲಿನ ಕೂದಲನ್ನು ಮೊಣಕೈಯಿಂದ ಹಿಂದಕ್ಕೆ ತಳ್ಳುತ್ತಿದ್ದಳು, ಅದು ಮತ್ತೆ ಮುಂದಕ್ಕೆ ಬೀಳುತ್ತಿತ್ತು, ಅವಳು ಮತ್ತೆ ತಳ್ಳುತ್ತಿದ್ದಳು.

"ಏನ್ ಹಂಗೆ ನೋಡ್ತೀರಾ?" ಎಂದು ಒಮ್ಮೆ ತಿರುಗದೆಯೇ ಕೇಳಿದಳು.

"ಕಲೀತಿದೀನಿ."

"ಏನ್ ಕಲಿತ್ರಿ?"

"ನಿಮಗೊಂದು ಕ್ಲಿಪ್ ಬೇಕು ಅಂತ."

"ಮಾತ್ರೆ ಮಾರೋರಿಗೆ ಕ್ಲಿಪ್ ಯಾಕೆ. ಸುಮ್ಕೆ ಟಾರ್ಚ್ ಹಿಡೀರಿ."

ಅವನು ಟಾರ್ಚ್ ಹಿಡಿದ. ಬೆಳಕು ಇಂಜಿನ್ನಿನ ಮೇಲೆ ಇರಬೇಕಾಗಿತ್ತು. ಅವಳು ಏನೂ ಹೇಳದೆ ಅವನ ಮಣಿಕಟ್ಟು ಹಿಡಿದು ಬೆಳಕನ್ನು ಇರಬೇಕಾದ ಜಾಗಕ್ಕೆ ತಿರುಗಿಸಿದಳು. ಮಣಿಕಟ್ಟಿನ ಮೇಲೆ ಗ್ರೀಸಿನ ನಾಲ್ಕು ಬೆರಳು ಮೂಡಿದವು. ಅವತ್ತು ರಾತ್ರಿ ಊಟಕ್ಕೆ ಕೈ ತೊಳೆಯುವಾಗ ಅವನು ಅಂಗೈ ಮಾತ್ರ ತೊಳೆದುಕೊಂಡ.

*

ಮೂರು ತಿಂಗಳಾಯಿತು. ಒಂದು ಶನಿವಾರ ಸಂಜೆ ನಾಗಾರ್ಜುನ ಹೋದಾಗ ಭವ್ಯಶ್ರೀ ಕೆಲಸ ಮಾಡದೆ ಸುಮ್ಮನೆ ಕೂತಿದ್ದಳು. ಹಾಗೆ ಕೂತಿದ್ದನ್ನು ಅವನು ಎಂದೂ ನೋಡಿರಲಿಲ್ಲ.

"ಹೊಸೂರಿನ ಕಂಪನಿಯೋರು ಕರೆದವ್ರೆ" ಎಂದಳು. "ಇಂಜಿನ್ ಟೆಸ್ಟಿಂಗ್ ಕೆಲಸ. ಸೋಮವಾರ ಮಧ್ಯಾಹ್ನದೊಳಗೆ ಹೂಂ ಅನ್ಬೇಕು, ಇಲ್ಲಾ ಊಹೂಂ ಅನ್ಬೇಕು. ಹೂಂ ಅಂದ್ಬುಡ್ತೀನಿ."

"ಶೆಡ್ಡು?"

"ಬಾಗಿಲು ಹಾಕೋದು." ಅವಳು ಅವನ ಕಾರಿನತ್ತ ಗಲ್ಲ ತೋರಿಸಿದಳು. "ಮೊನ್ನೆ ಎದುರುಗಡೆ ಟೀ ಅಂಗಡೀಲಿ ಹೇಳ್ತಿದ್ರು, ಆ ಹುಡುಗಿ ಕೈಲಿ ಒಂದು ಗಾಡಿ ಮೂರು ತಿಂಗಳಿಂದ ಸರಿಯಾಗಿಲ್ಲ, ಯಾವಾಗ್ ನೋಡಿದ್ರೂ ಅಲ್ಲೇ ನಿಂತಿರ್ತದೆ ಅಂತ. ಸುಳ್ಳೇನಲ್ಲ. ಜನ ಮೇಸ್ತ್ರಿ ಎಲ್ಲಿ ಅಂತ ಕೇಳೋದು ಸರೀನೇ ಅನ್ಸಕ್ಕೆ ಶುರುವಾಗೈತೆ. ಸಾಕಾಗೋಗೈತೆ ಸಾರ್."

ಹಿಂದಿನ ಸಲ ಅವನಿಂದ ಇಸಿದುಕೊಂಡಿದ್ದ ಆ ಡೈರಿ ಅವಳ ಮಡಿಲಲ್ಲಿತ್ತು.

"ನೋಡಿ, ಒಂಬತ್ತು ಸಲ ಬರೆದಿದೀರಾ. ಅದ್ರಲ್ಲಿ ಏಳು ಸೋಮವಾರ. ಎಲ್ಲಾ ಬೆಳಿಗ್ಗೆ ಸ್ಟಾರ್ಟ್ ಮಾಡ್ದಾಗಲೇ. ಸೋಮವಾರದ್ದೇ ಏನೋ ಇದೆ ಅಂತ ಹಿಡ್ಕೊಂಡೆ. ಹಿಡ್ಕೊಂಡ್ರೆ ಇಲ್ಲೊಂದು ಗುರುವಾರ, ಇಲ್ಲೊಂದು ಶನಿವಾರ ಅಡ್ಡ ಬರ್ತವೆ. ಅದೂ ಸಂಜೆ ಹೊತ್ತು, ಬಿಸಿ ಇಂಜಿನ್ನು. ಒಂದಕ್ಕೊಂದು ತಾಳೇನೇ ಆಗಲ್ಲ. ಒಂದೇ ಗಾಡೀಲಿ ಎರಡು ರೋಗ ಇದೆಯೋ, ಇಲ್ಲಾ ನನಗೇ ತಲೆ ಇಲ್ವೋ. ರಾತ್ರಿ ಎಲ್ಲಾ ಇದನ್ನೇ ನೋಡ್ತಾ ಕೂತಿದ್ದೆ."

ನಾಗಾರ್ಜುನನಿಗೆ ಆ ಎರಡೂ ದಿನ ಚೆನ್ನಾಗಿ ನೆನಪಿದ್ದವು.

ಆ ಗುರುವಾರ ಒಬ್ಬ ಡಾಕ್ಟರು ಅವನನ್ನು ಎರಡು ಗಂಟೆ ಕಾಯಿಸಿ, ಮುಂದಿನ ತಿಂಗಳು ಬಾ ಎಂದಿದ್ದರು. ಮನೆಗೆ ಹೋಗುವ ಮನಸ್ಸಿರಲಿಲ್ಲ. ಆ ಶನಿವಾರಕ್ಕಂತೂ ಅಷ್ಟು ಕಾರಣವೂ ಇರಲಿಲ್ಲ.

ಸುಮ್ಮನಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ. ಅವಳು ಹೊಸೂರಿಗೆ ಹೋಗುತ್ತಾಳೆ, ತನಗೆ ತಲೆ ಇಲ್ಲ ಎಂದು ನಂಬಿಕೊಂಡೇ ಹೋಗುತ್ತಾಳೆ. ಹೇಳಿದರೆ, ತನ್ನ ಮುಖವನ್ನೂ ನೋಡದೆ ಹೋಗಬಹುದು. ಅವನು ಅವಳ ಬಗ್ಗಿದ ಕತ್ತನ್ನು ನೋಡಿದ.

"ಆ ಎರಡು ಹೊಡೆದು ಹಾಕಿ" ಎಂದ.

"ಯಾವ ಎರಡು?"

"ಗುರುವಾರ, ಶನಿವಾರ. ಅವತ್ತು ಗಾಡಿ ಚೆನ್ನಾಗೇ ಇತ್ತು. ಸದ್ದು ಬಂದಿರಲಿಲ್ಲ."

ಅವಳು ತಲೆ ಎತ್ತಿದಳು. "ಮತ್ತೆ ಬರೆದಿದೀರಾ?"

"ಬರೋಕೆ ಒಂದು ನೆಪ ಬೇಕಿತ್ತು. ಇಲ್ಲಿ ಬಂದು ಕೂರೋಕೆ. ನಿಮ್ಮನ್ನ ನೋಡೋಕೆ. ಬೇರೆ ಏನೂ ಇಲ್ಲ."

ಎದುರಿನ ರಸ್ತೆಯಲ್ಲಿ ಸಿಟಿ ಬಸ್ಸೊಂದು ನಿಂತು, ಹೆಬ್ಬಾಳದ ಫ್ಯಾಕ್ಟರಿ ಶಿಫ್ಟ್ ಮುಗಿಸಿದವರನ್ನು ಇಳಿಸಿ ಹೊರಟಿತು.

"ಆ ಶನಿವಾರದ ಮಾರನೇ ದಿನ ನಮ್ಮಕ್ಕನ ಮಗೂಗೆ ಹೆಸರಿಡೋ ಶಾಸ್ತ್ರ ಇತ್ತು" ಎಂದಳು ಕೊನೆಗೆ. ಅವಳ ದನಿ ಏರಲೇ ಇಲ್ಲ, ಅದಕ್ಕೇ ಅವನಿಗೆ ಹೆಚ್ಚು ತಾಕಿತು. "ಬೆಳಿಗ್ಗೆ ಹೋಗಿ ಬರೋಣ ಅಂತಿದ್ದೆ. ನೀವು ಹಿಂದಿನ ದಿನ ಫೋನ್ ಮಾಡಿ ನಾಳೆ ತರ್ತೀನಿ ಅಂದ್ರಿ. ನಿಮ್ಮ ಗಾಡಿದು ದೊಡ್ಡ ಕೆಲಸ ಇರ್ತದೆ ಅಂತ ನಿಂತ್ಕೊಂಡೆ. ಇಂಜಿನ್ ತಲೆ ಮುಚ್ಚಳ ಬಿಚ್ಚಿ ಟ್ಯಾಪೆಟ್ಟೆಲ್ಲಾ ಅಡ್ಜಸ್ಟ್ ಮಾಡ್ದೆ. ನಾಕು ಗಂಟೆ. ನಮ್ಮವ್ವ ಇವತ್ತಿಗೂ ಬೈತಾಳೆ. ಏನೂ ಆಗದೆ ಇರೋ ಗಾಡಿಗೆ."

"ತಪ್ಪಾಯ್ತು ಭವ್ಯ."

ಅವನು ಮೊದಲ ಸಲ ಹೆಸರು ಹಿಡಿದು ಕರೆದಿದ್ದ. ಅವಳು ಅದನ್ನು ಕೇಳಿಸಿಕೊಂಡ ಹಾಗೆ ಕಾಣಲಿಲ್ಲ. ಪೆನ್ನು ತೆಗೆದು, ಎರಡು ಸಾಲನ್ನು ಒತ್ತಿ ಒತ್ತಿ ಹೊಡೆದು ಹಾಕಿದಳು. ಕಾಗದ ಹರಿಯಿತು. ಆಮೇಲೆ ಉಳಿದ ಏಳನ್ನು ನೋಡುತ್ತಾ ಕೂತಳು. ನೋಡುತ್ತಾ ನೋಡುತ್ತಾ ಅವಳ ಮುಖದಲ್ಲಿ ಕೋಪ ಹಾಗೇ ಇದ್ದು, ಅದರ ಪಕ್ಕಕ್ಕೆ ಇನ್ನೊಂದು ಬಂದು ಕೂತಿತು. ಕೆಲಸದವರ ಮುಖಕ್ಕೆ ಮಾತ್ರ ಬರುವಂಥದ್ದು.

"ಸೋಮವಾರ ನಿಮ್ಮನೇಲಿ ಏನ್ ನಡೀತದೆ?"

"ಏನೂ ಇಲ್ಲ. ಅಪ್ಪಾಜಿ ಬೆಳಿಗ್ಗೆ ಈಶ್ವರನ ಗುಡಿಗೆ ಅಭಿಷೇಕಕ್ಕೆ ಹೋಗಿ ಬರ್ತಾರೆ. ನಾನು ಮಲಗಿರ್ತೀನಿ."

"ಬಂದ್ಮೇಲೆ?"

"ಗಾಡಿಗೆ ವಿಭೂತಿ ಹಚ್ತಾರೆ."

"ವಿಭೂತಿ ಅಷ್ಟೇನಾ?"

ನಾಗಾರ್ಜುನನಿಗೆ ಗೊತ್ತಿರಲಿಲ್ಲ. ಅವನು ಒಂದು ದಿನವೂ ಎದ್ದು ನೋಡಿರಲಿಲ್ಲ.

"ಸೋಮವಾರ ಆರಕ್ಕೆ ನಿಮ್ಮನೆ ಹತ್ರ ಬರ್ತೀನಿ" ಎಂದು ಅವಳು ಎದ್ದಳು. "ಗಾಡಿಗೋಸ್ಕರ ಬರ್ತಿರೋದು. ನಿಮ್ಮ ಹತ್ರ ಮಾತಾಡಕ್ಕಲ್ಲ."

*

ಸೋಮವಾರ ಬೆಳಕು ಹರಿಯುವ ಹೊತ್ತಿಗೆ ಭವ್ಯಶ್ರೀ ಸ್ಕೂಟರಿನಲ್ಲಿ ಬಂದಳು. ಎದುರು ಮನೆಯವರ ಆಟೋ ಹಿಂದೆ ಇಬ್ಬರೂ ಕಳ್ಳರ ಹಾಗೆ ನಿಂತರು. ನಾಗಾರ್ಜುನ ಕಣ್ಣೇ ಮುಚ್ಚಿರಲಿಲ್ಲ. ಅವಳ ಕಣ್ಣೂ ಕೆಂಪಾಗಿದ್ದವು.

ವೃಷಭೇಂದ್ರಪ್ಪ ಗುಡಿಯಿಂದ ಬಂದರು. ಬಿಳಿ ಪಂಚೆ, ಹಣೆ ತುಂಬ ವಿಭೂತಿ, ಕೈಯಲ್ಲಿ ಹಿತ್ತಾಳೆ ತಂಬಿಗೆ. ಕಾರಿನ ಬಾಗಿಲು ತೆಗೆದು, ಒಳಗಿನ ಹಿಡಿ ಎಳೆದು, ಬಾನೆಟ್ ಎತ್ತಿ ಕೋಲು ಕೊಟ್ಟು ನಿಲ್ಲಿಸಿದರು. ಮೂರು ಬೆರಳಿನಲ್ಲಿ ಪಟ್ಟೆ ಎಳೆದರು. ಆಮೇಲೆ ತಂಬಿಗೆ ಬಗ್ಗಿಸಿ, ಹಾಲು ಬೆರೆತ ಅಭಿಷೇಕದ ತೀರ್ಥವನ್ನು ಇಂಜಿನ್ನಿನ ನಡುನೆತ್ತಿಗೆ, ಲಿಂಗಕ್ಕೆ ಎರೆಯುವಷ್ಟೇ ಭಕ್ತಿಯಿಂದ ಎರೆದರು.

ಭವ್ಯಶ್ರೀ ಅಂಗೈಯಿಂದ ಬಾಯಿ ಮುಚ್ಚಿಕೊಂಡಳು. ಅವಳ ಭುಜ ಕುಲುಕುತ್ತಿತ್ತು.

ಅಷ್ಟರಲ್ಲಿ ಮುದುಕರು ಕಾರಿನ ಜೊತೆ ಮಾತಾಡತೊಡಗಿದರು. "ನೋಡಪ್ಪ, ಹುಡುಗನ್ನ ಜೋಪಾನವಾಗಿ ಕರ್ಕೊಂಡ್ ಹೋಗಿ ಜೋಪಾನವಾಗಿ ಕರ್ಕೊಂಡ್ ಬಾ. ಬಾಳಾ ಸುಸ್ತಾಗಿದಾನೆ ಅವನು. ನನ್ನ ಹತ್ರ ಹೇಳ್ಕೊಳಲ್ಲ."

ಭುಜ ಕುಲುಕುವುದು ನಿಂತಿತು. ನಾಗಾರ್ಜುನ ಆಟೋದ ಹಿಂಬದಿಯ ನಂಬರನ್ನು ಓದುತ್ತಾ ನಿಂತ. ನಾಲ್ಕೇ ಅಂಕಿ, ಓದಿ ಮುಗಿಯಲಿಲ್ಲ. ಪಕ್ಕದಲ್ಲಿದ್ದವಳು ಅವನ ಮುಖ ನೋಡದೆ, ಅವನ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಹಿಡಿದು, ಒಂದು ಗಳಿಗೆ ಬಿಟ್ಟು, ಕೈ ತೆಗೆದಳು.

ಆಮೇಲೆ ಸೀದಾ ರಸ್ತೆ ದಾಟಿ ಹೋದಳು. "ನಮಸ್ಕಾರ ಅಪ್ಪಾಜಿ. ನಾನು ಈ ಗಾಡಿ ರಿಪೇರಿ ಮಾಡೋಳು."

ವೃಷಭೇಂದ್ರಪ್ಪ ಹಿಂದೆಯೇ ಬಂದ ಮಗನನ್ನೂ ಅವಳನ್ನೂ ನೋಡಿದರು. "ಇಷ್ಟೊತ್ತಿಗೆ ಬಂದಿದೀಯಲ್ಲಮ್ಮ, ಏನಾಗಿದೆ ಗಾಡಿಗೆ?"

ಅವಳು ಸ್ಟಾರ್ಟ್ ಮಾಡಿದಳು. ಟಿಕ್, ಟಿಕ್, ಟಿಕ್. ಆಫ್ ಮಾಡಿ, ಎರಡನೇ ಪ್ಲಗ್ಗಿನ ಮೇಲೆ ಕೂತು ಅದಕ್ಕೆ ಕಿಡಿ ಕೊಡುವ ಕಾಯಿಲನ್ನು ಮೇಲಕ್ಕೆ ಎಳೆದಳು. ಅದರ ತುದಿಯ ರಬ್ಬರ್ ಕೊಳವೆಯಿಂದ ಬೆಳ್ಳನೆಯ ನೀರು ತೊಟ್ಟಿಕ್ಕಿತು. ಗುಂಡಿಯಲ್ಲಿ ಒಂದು ಚಮಚದಷ್ಟು ತೀರ್ಥ ನಿಂತಿತ್ತು.

ನಾಗಾರ್ಜುನನಿಗೆ ಅವಳು ಮೆಲ್ಲಗೆ ಹೇಳಿದಳು: "ಕಿಡಿ ಪ್ಲಗ್ಗಿಗೆ ಹೋಗ್ಬೇಕಲ್ವಾ, ನೀರಿರೋದ್ರಿಂದ ಪಕ್ಕದ ಲೋಹಕ್ಕೆ ಹಾರ್ತದೆ. ಆ ಹಾರೋ ಸದ್ದೇ ಟಿಕ್ ಟಿಕ್. ಪ್ಲಗ್ಗಿಗೆ ಕಿಡಿ ಸಿಗದೆ ಮಿಸ್ ಹೊಡೀತದೆ. ನೀವು ಓಡಿಸಿ ಓಡಿಸಿ ಕೆಸರೆಗೆ ಬರೋಷ್ಟರಲ್ಲಿ ಇಂಜಿನ್ ಕಾವಿಗೆ ನೀರು ಆರಿ, ಹಾಲಿನ ಪುಡಿ ಅಷ್ಟೇ ಉಳ್ಕೊಳೋದು. ಮೊದಲ್ನೇ ದಿನ ಕ್ಲಿನಿಕ್ ಕ್ಲಿನಿಕ್ಕಿಗೂ ನಿಲ್ಸಿ ನಿಲ್ಸಿ ಬಂದಿದ್ರಿ, ಇಂಜಿನ್ ಸರಿಯಾಗಿ ಕಾದಿರಲಿಲ್ಲ, ಅದಕ್ಕೇ ಸದ್ದು ನನ್ನ ಕಿವಿಗೂ ಬಿತ್ತು."

ವೃಷಭೇಂದ್ರಪ್ಪನವರ ಕಿವಿ ಚುರುಕಾಗಿತ್ತು. ತಂಬಿಗೆ ಹಿಡಿದ ಕೈ ಕೆಳಗಾಯಿತು. "ಹಂಗಾದ್ರೆ ನನ್ನಿಂದಲೇ ಕೆಟ್ಟಿದ್ದೇನಮ್ಮ?"

ಭವ್ಯಶ್ರೀ ರಬ್ಬರ್ ಕೊಳವೆಯನ್ನು ಬಗ್ಗಿಸಿ ಅವರ ಕಣ್ಣ ಹತ್ತಿರ ಹಿಡಿದಳು. "ಇಲ್ನೋಡಿ ಅಪ್ಪಾಜಿ, ಕೂದಲೆಳೆಯಷ್ಟು ಸೀಳಿದೆ. ಇದು ಗಟ್ಟಿ ಇದ್ದಿದ್ರೆ ನೀರು ಒಳಗೆ ಇಳೀತಿರಲಿಲ್ಲ. ಮೂರು ತಿಂಗಳಿಂದ ಕೈಯಲ್ಲಿ ಹಿಡ್ಕೊಂಡು ನಾನೂ ಇದನ್ನ ನೋಡ್ಲಿಲ್ಲ. ತಪ್ಪು ನಂದೂ ಐತೆ. ಹೊಸದು ಹಾಕ್ತೀನಿ. ಆದ್ರೂ ಇನ್ಮೇಲೆ ಟೈರಿಗೆ ಹಾಕ್ಬುಡಿ ತೀರ್ಥನ. ರಸ್ತೆ ಮೇಲೆ ಓಡೋದು ಅದೇ ಅಲ್ವಾ."

ಮುದುಕರು ಯೋಚಿಸಿದರು. "ನಾಕು ಟೈರಿಗೂ ಹಾಕ್ಬೇಕಾ?"

"ನಾಕಕ್ಕೂ. ಸ್ಟೆಪ್ನಿ ಬುಟ್ಬುಡಿ."

"ಅದೂ ಪಾಪ ಯಾವತ್ತೋ ಕೆಲಸಕ್ಕೆ ಬರುತ್ತೆ ಕಣಮ್ಮ" ಎಂದು ಅವರು ಗಂಭೀರವಾಗಿ ಹೇಳಿ, ಒಳಗೆ ಹೋಗಿ ಮೂವರಿಗೆ ಅವಲಕ್ಕಿ ನೆನೆಹಾಕಿದರು.

*

ಅವಲಕ್ಕಿ ಮುಗಿಯಿತು, ಹೊಸ ಕಾಯಿಲು ಕೂತಿತು. ಗಂಟೆ ಹತ್ತಾಗಿತ್ತು.

"ಓಡಿಸಿ ನೋಡ್ಬೇಕು" ಎಂದು ಭವ್ಯಶ್ರೀ ಸ್ಟಿಯರಿಂಗ್ ಹಿಂದೆ ಕೂತಳು. "ಬನ್ನಿ, ಪಕ್ಕದಲ್ಲಿ ಕೂತ್ಕೊಳಿ. ಮಾತಾಡ್ಬೇಡಿ, ನಾನು ಇಂಜಿನ್ ಕೇಳ್ಬೇಕು."

ತನ್ನದೇ ಕಾರಿನ ಎಡಗಡೆ ಸೀಟಿನಲ್ಲಿ ನಾಗಾರ್ಜುನ ಎಂದೂ ಕೂತಿರಲಿಲ್ಲ. ಕಾಲಿಗೆ ಬ್ರೇಕು ಇಲ್ಲ, ಕೈಗೆ ಕೆಲಸ ಇಲ್ಲ. ರಿಂಗ್ ರೋಡಿನ ಮೇಲೆ ಬಿಸಿಲು ಹರಡಿಕೊಂಡಿತ್ತು. ಇಂಜಿನ್ನು ಒಂದೇ ಸಮನೆ, ಒಂದೇ ಉಸಿರಿನಲ್ಲಿ ಗುನುಗುತ್ತಿತ್ತು. ಏನಾದರೂ ಹೇಳಬೇಕು, ಮಧ್ಯಾಹ್ನಕ್ಕೆ ಇನ್ನು ಎರಡೇ ಗಂಟೆ, ಅವಳು ಹೊಸೂರಿಗೆ ಏನು ಹೇಳುತ್ತಾಳೋ ಎಂದು ಅವನು ಅಂದುಕೊಂಡ. ಅಂದುಕೊಳ್ಳುತ್ತಿದ್ದ ಹಾಗೆಯೇ ಕುತ್ತಿಗೆ ಒಂದು ಪಕ್ಕಕ್ಕೆ ವಾಲಿತು.

ಎಚ್ಚರಾದಾಗ ಕಾರು ರಸ್ತೆ ಬದಿಯ ಹೊಂಗೆ ಮರದ ನೆರಳಲ್ಲಿ ನಿಂತಿತ್ತು. ಇಂಜಿನ್ನು ಇನ್ನೂ ಓಡುತ್ತಿತ್ತು. ಅವನ ಕಡೆಯ ಗಾಜಿಗೆ ಯಾರೋ ಒಂದು ಟವೆಲು ಸಿಕ್ಕಿಸಿ ಬಿಸಿಲು ಮರೆ ಮಾಡಿದ್ದರು. ಭವ್ಯಶ್ರೀ ಹೊರಗೆ ಬಾನೆಟ್ಟಿಗೆ ಒರಗಿ ಫೋನಿನಲ್ಲಿ ಮಾತಾಡುತ್ತಿದ್ದಳು.

"ಹೌದು ಸಾರ್... ಇಲ್ಲ ಸಾರ್, ಯೋಚನೆ ಮಾಡೇ ಹೇಳ್ತಿರೋದು. ಬರಕ್ಕಾಗಲ್ಲ... ಇಲ್ಲೇ ಕೆಲಸ ಐತೆ ಸಾರ್. ತುಂಬಾ ಥ್ಯಾಂಕ್ಸ್."

ಒಳಗೆ ಬಂದು ಕೂತಳು. ಅವನು ಎದ್ದಿದ್ದನ್ನು ಕಂಡು, "ರಿಂಗ್ ರೋಡ್ ಪೂರ್ತಿ ಒಂದು ಸುತ್ತಾಯ್ತು. ನೀವು ಬೋಗಾದಿ ಹತ್ರ ಗೊರಕೆ ಶುರು ಮಾಡಿದ್ರಿ" ಎಂದಳು.

"ನಿಲ್ಸಿದ್ಮೇಲೆ ಇಂಜಿನ್ ಯಾಕೆ ಆಫ್ ಮಾಡ್ಲಿಲ್ಲ?"

"ಮಾಡಿದ್ರೆ ಎದ್ಬುಡ್ತಿದ್ರಿ."

ಅವನು ಮುಖ ಉಜ್ಜಿಕೊಂಡ. ಅವಳು ಕನ್ನಡಿ ಸರಿ ಮಾಡುವ ನೆಪದಲ್ಲಿ ಅದರೊಳಗಿಂದ ಅವನನ್ನು ನೋಡುತ್ತಿದ್ದಳು. ಸಿಕ್ಕಿಬಿದ್ದರೂ ಕಣ್ಣು ತೆಗೆಯಲಿಲ್ಲ.

"ಶೆಡ್ಡಿಗೋಸ್ಕರ ಉಳ್ಕೊಂಡಿರೋದು" ಎಂದಳು. "ರೋಗ ಹಿಡಿದೆನಲ್ಲ, ಅದಕ್ಕೆ. ನಿಮಗೋಸ್ಕರ ಅಂದ್ಕೋಬೇಡಿ."

"ಇಲ್ಲ."

"ಕೋಪ ಇನ್ನೂ ಹಂಗೇ ಐತೆ."

"ಇರ್ಲಿ."

"ಒಂದು ತಿಂಗಳಾದ್ರೂ ಇರ್ತದೆ. ನಮ್ಮವ್ವನ ಮುಂದೆ ನಿಂತು, ಅವತ್ತು ಹೆಸರಿಡೋ ಶಾಸ್ತ್ರ ನನ್ನಿಂದ ತಪ್ಪೋಯ್ತು ಅಂತ ನೀವೇ ಹೇಳ್ಬೇಕು. ಪುಟ್ಟತಾಯಮ್ಮ ಅಂತ ನಮ್ಮವ್ವನ ಹೆಸರು. ಬೈಗುಳ ಗಟ್ಟಿ ಇರ್ತದೆ."

ನಾಗಾರ್ಜುನನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಬೇಕಾಯಿತು. ನಿದ್ದೆಯ ಮಬ್ಬಿತ್ತು. ಯಾವ ಮನೆಯವರೂ ಅವನಿಗೆ ಬೈಯಲು ಕರೆದಿರಲಿಲ್ಲ.

"ಬರ್ತೀನಿ" ಎಂದ. "ಯಾವತ್ತು ಬರ್ಲಿ?"

"ಹೇಳ್ತೀನಿ. ಇನ್ನೊಂದು ಮಾತು." ಅವಳು ಗೇರಿನ ಮೇಲೆ ಕೈಯಿಟ್ಟು, ರಸ್ತೆಯನ್ನೇ ನೋಡುತ್ತಾ ಹೇಳಿದಳು. "ಶೆಡ್ಡಿಗೆ ಬರ್ಬೇಕು ಅನ್ನಿಸ್ದಾಗ ಸುಮ್ಕೆ ಬನ್ನಿ. ಪಾಪದ ಗಾಡಿ ಮೇಲೆ ಸುಳ್ಳು ಹೇಳ್ಬೇಡಿ. ನಿನ್ನ ನೋಡಕ್ಕೆ ಬಂದೆ ಅಂದ್ರೆ ಸಾಕು, ನಾನೇನ್ ಎದ್ದೋಗು ಅನ್ನಲ್ಲ."

ಗೇರಿನ ಮೇಲಿದ್ದ ಅವಳ ಕೈಯ ಪಕ್ಕಕ್ಕೆ ಅವನ ಕೈ ಬಂತು. ತಾಗಿತು. ಅವಳು ಸರಿಸಲಿಲ್ಲ.

"ಮಲ್ಕೊಳಿ ಇನ್ನೊಸಿ ಹೊತ್ತು" ಎಂದಳು. "ಇನ್ನೊಂದು ಸುತ್ತು ಹಾಕ್ತೀನಿ."